ಹೊಳೆಗಲ್ಲು

"ಇನ್ನೊಂದು ಹನಿ ಹಾಕು," ಅಂದ ಅಪ್ಪ. "ಒಂದೇ ಹನಿಗೆಲ್ಲ ಅದು ಬಾಯಿ ಬಿಡಲ್ಲ."

ಮಗಳು ಡ್ರಾಪರಿನ ರಬ್ಬರನ್ನು ಮೆಲ್ಲಗೆ ಒತ್ತಿದಳು. ವಿನೆಗರಿನ ಹನಿ ಕೆಂಪು ಕಲ್ಲಿನ ನೆತ್ತಿಯ ಮೇಲೆ ಬಿದ್ದು, ಒಂದು ಕ್ಷಣ ಹಾಗೇ ನಿಂತು, ಬದಿಗೆ ಜಾರಿತು. ಇಬ್ಬರೂ ತಲೆ ಬಗ್ಗಿಸಿ ಕಿವಿಗೊಟ್ಟರು. ನೊರೆಯಿಲ್ಲ, ಸದ್ದಿಲ್ಲ.

"ಪಾಸು," ಎಂದು ಅವಳು ಕಲ್ಲನ್ನು ಬಲಗಡೆಗೆ ಸರಿಸಿದಳು.

"ನಾನು ಮೊದಲೇ ಹೇಳಲಿಲ್ಲವಾ? ಅದು ಘಾಟಿಯ ಮೇಲಿನ ಕಲ್ಲು. ಅದನ್ನ ಆರಿಸಿದ ದಿನ ಲಾರಿ ಟಯರ್ ಎರಡು ಸಲ ಒಡೆದಿತ್ತು. ಕಲ್ಲಿಗೆ ಮಾತ್ರ ಏನೂ ಆಗಿರಲಿಲ್ಲ."

ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ ಹದಿನೇಳು ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಖಾಲಿ ಗಾಜಿನ ತೊಟ್ಟಿ ಕಾಯುತ್ತಿತ್ತು. ಅದರ ಕೆಳಗೆ ಒಂದು ಬಕೆಟ್ಟು. ಗಾಳಿ ಊದುವ ಪುಟ್ಟ ಪಂಪಿನ ಗುರುಗುರು ಸದ್ದಿನ ನಡುವೆ ಅದರಲ್ಲಿ ಹತ್ತು ಮೀನುಗಳಿದ್ದವು. ಉಗುರಿನಷ್ಟುದ್ದದ ಮೀನುಗಳು, ಮೈಮೇಲೆ ನೀಲಿ ಗೆರೆ. ನೀರು ಶುದ್ಧೀಕರಣ ಘಟಕದ ಪಂಪ್ ಆಪರೇಟರಿಗೆ ಬೇರೆ ಊರಿಗೆ ವರ್ಗವಾದಾಗ, "ನೀರಿನ ಗುಣ ನೋಡೋರ ಕೈಗೇ ಮೀನು ಸೇರಬೇಕು ಮೇಡಂ" ಎಂದು ಅವುಗಳನ್ನು ಅವಳ ತಲೆಗೆ ಕಟ್ಟಿ ಹೋಗಿದ್ದ. ಹೋಗುವಾಗ ಗೇಟಿನ ಹತ್ತಿರ ನಿಂತು, "ಕಲ್ಲು ಹಾಕೋವಾಗ ಮಾತ್ರ ಹುಷಾರು. ಚೆನ್ನಾಗಿ ಕಾಣುತ್ತೆ ಅಂತ ನಾನು ಸಮುದ್ರದ ಚಿಪ್ಪು ಹಾಕಿ ಒಂದೇ ವಾರದಲ್ಲಿ ಆರು ಮೀನು ಕಳಕೊಂಡೆ," ಎಂದಿದ್ದ.

ಅವಳು ಆ ಘಟಕದ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಕೆಲಸಕ್ಕಿದ್ದಳು. ಗಂಟೆಗೊಮ್ಮೆ ಬಾಟಲಿಯಲ್ಲಿ ನೀರು ಹಿಡಿದು, ಅದರ ಬಣ್ಣ, ಕದಡು, ಗಡಸುತನ, ಹುಳಿ ಎಲ್ಲವನ್ನೂ ಅಳೆದು ಬರೆಯುವುದು ಅವಳ ಕೆಲಸ. ಹಾಗಾಗಿ ಮೀನಿನ ಅಂಗಡಿಯಲ್ಲಿ ನೀಲಿ, ಗುಲಾಬಿ ಬಣ್ಣದ ಕಲ್ಲುಗಳ ಪೊಟ್ಟಣ ಕೈಗೆ ಬಂದಾಗ ಸುಮ್ಮನೆ ಕೊಂಡುಕೊಳ್ಳುವ ಆಸಾಮಿ ಅವಳಾಗಿರಲಿಲ್ಲ. ಬೆರಳನ್ನು ಒದ್ದೆ ಮಾಡಿ ಒಂದು ಕಲ್ಲನ್ನು ತಿಕ್ಕಿದಳು. ಬೆರಳು ಗುಲಾಬಿಯಾಯಿತು. ಪೊಟ್ಟಣವನ್ನು ಅಲ್ಲೇ ಇಟ್ಟು ಬರಿಗೈಯಲ್ಲಿ ಬಂದಳು.

ಆ ಸುದ್ದಿ ಕೇಳಿ ಅಪ್ಪನಿಗೆ ಅವಮಾನವೇ ಆದಂತಾಯಿತು. "ಕಲ್ಲಿಗೋಸ್ಕರ ಅಂಗಡಿಗೆ ಹೋಗಿದ್ದೆಯಾ? ನಿನ್ನ ಮನೇಲಿ ಕಲ್ಲಿಲ್ಲವಾ?" ಎಂದು ಅವಳ ಕಪಾಟಿನ ತಳದಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ತರಿಸಿದ್ದ. ಮಂಡಿಯ ಆಪರೇಷನ್ನಾಗಿ ಆರು ವಾರ; ವಾಕರ್ ಹಿಡಿದು ಬಚ್ಚಲಿಗೂ ಬಾಗಿಲಿಗೂ ಓಡಾಡುವುದನ್ನು ಬಿಟ್ಟರೆ ಅವನಿಗೆ ಬೇರೆ ಪ್ರಯಾಣವಿರಲಿಲ್ಲ. ನಲವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಮಗಳು ಚಿಕ್ಕವಳಿದ್ದಾಗ ದೂರದ ಪ್ರಯಾಣ ಮುಗಿಸಿ ಬರುವಾಗಲೆಲ್ಲ ಅವಳಿಗೆಂದು ಒಂದು ಕಲ್ಲು ತರುತ್ತಿದ್ದ. ಬೊಂಬೆಯಾದರೆ ಒಡೆಯುತ್ತೆ, ತಿಂಡಿಯಾದರೆ ಮುಗಿಯುತ್ತೆ ಎನ್ನುವುದು ಅವನ ವಾದ.

"ಇದನ್ನೆಲ್ಲ ದೊಡ್ಡ ಪಾತ್ರೇಲಿ ಹಾಕಿ ಚೆನ್ನಾಗಿ ಕುದಿಸಿಬಿಡೋದು ತಾನೇ? ಯಾಕಿಷ್ಟು ಪರೀಕ್ಷೆ?" ಎಂದಳು ಅಮ್ಮ. ಅವಳು ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು.

"ಕುದಿಸಬಾರದಮ್ಮ. ಒಳಗೆ ತೇವ ಇದ್ದರೆ ಕಲ್ಲು ಸಿಡಿಯುತ್ತೆ. ಬ್ರಷ್‌ನಲ್ಲಿ ಉಜ್ಜಿ, ಬಿಸಿನೀರು ಸುರಿದರೆ ಸಾಕು. ಆದರೆ ಕೊಳೆ ಹೋಗೋದು ಬೇರೆ, ಕಲ್ಲೇ ಕರಗೋದು ಬೇರೆ. ಸುಣ್ಣದ ಅಂಶ ಇದ್ದರೆ ಹುಳಿ ಬಿದ್ದ ಕೂಡಲೇ ನೊರೆ ಬರುತ್ತೆ. ಅಂಥ ಕಲ್ಲು ನೀರಲ್ಲಿದ್ದರೆ ನೀರು ಗಡುಸಾಗ್ತಾ ಹೋಗುತ್ತೆ. ಇವು ಮೆದು ನೀರಿನ ಮೀನು, ತಡಕೊಳ್ಳಲ್ಲ."

"ಕಲ್ಲಿಗೂ ಗುಣ ಇರುತ್ತೆ ಅನ್ನು," ಎಂದು ಅಮ್ಮ ಹಲ್ಲಿನಿಂದ ದಾರ ಕಡಿದಳು.

ಕಪ್ಪು ಕಲ್ಲೊಂದು ಪಾಸಾಯಿತು. ಪದರ ಪದರವಾಗಿದ್ದ ಬೂದು ಬಣ್ಣದ್ದೊಂದು ಪಾಸಾಯಿತು. ಹಾಲಿನಂತೆ ಬೆಳ್ಳಗಿದ್ದ ಕಲ್ಲಿನ ಮೇಲೆ ಹನಿ ಬಿದ್ದದ್ದೇ ತಡ, ಸಾಬೂನಿನ ಹಾಗೆ ಚುರ್ರೆಂದು ನೊರೆಯೆದ್ದಿತು. ಅಪ್ಪ ಬೆಚ್ಚಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. "ಅಯ್ಯೋ ಇವನ! ದೊಡ್ಡೋರ ಮನೆ ಮೆಟ್ಟಿಲಿಗೆ ಹಾಕೋ ಕಲ್ಲು ಕಣೇ ಇದು. ಇಷ್ಟೊಂದು ಸಿಟ್ಟಾ ಇದಕ್ಕೆ?" ಅವನೇ ಡ್ರಾಪರ್ ಕಿತ್ತುಕೊಂಡು ಮತ್ತೆರಡು ಹನಿ ಹಾಕಿ, ಮತ್ತೆ ನೊರೆ ಬಂದದ್ದನ್ನು ಕಂಡು, ಡೀಸೆಲ್ ಸೋರುವ ಟ್ಯಾಂಕನ್ನು ನೋಡುವವನಂತೆ ಮುಖ ಕಿವುಚಿದ. ಇನ್ನೊಂದಕ್ಕೆ ಹಳದಿ ಹೊಳಪಿನ ಎಳೆ ಇತ್ತು. ಲೋಹ ಇರಬಹುದು, ತುಕ್ಕು ಹಿಡಿದರೆ ನೀರಿಗೆ ವಿಷ ಎಂದು ಅವಳು ಪರೀಕ್ಷೆಯನ್ನೂ ಮಾಡದೆ ಎಡಕ್ಕಿಟ್ಟಳು. "ಅದು ಚಿನ್ನ ಅಂತ ನಾನು ಇಷ್ಟು ವರ್ಷ ನಂಬಿದ್ದೆ," ಎಂದು ಅಪ್ಪ ಗೊಣಗಿದ. ಅಂಚು ಚೂಪಾಗಿದ್ದ ಒಂದು, ಉಗುರಿಗೇ ಪುಡಿಯಾಗುತ್ತಿದ್ದ ಇನ್ನೊಂದು ಎಡಗಡೆ ಸೇರಿದವು.

ಹದಿನೈದನೆಯದನ್ನು ಕೈಗೆತ್ತಿಕೊಂಡು ಅವಳು ಕೇಳಿದಳು. "ಇದು ಮರಳುಗಾಡಿನದು, ಅಲ್ವಾ? ಒಂಟೆ ಕಾಲಿಗೆ ಸಿಕ್ಕಿತ್ತು ಅಂತ ಹೇಳಿದ್ದೆ."

ಅಪ್ಪ ಕಿವಿಯ ಹಿಂದೆ ಕೆರೆದುಕೊಂಡ. "ಅದು... ನಮ್ಮ ಬೀದಿ ಕೊನೇಲಿ ಗ್ಯಾರೇಜ್ ಇತ್ತಲ್ಲ, ಅದರ ಹಿಂದಿನದು."

"ಏನು?"

"ಆ ಸಲ ಮರೆತುಹೋಗಿತ್ತು ಕಣೇ. ತಿರುವಿಗೆ ಬಂದಾಗ ನೆನಪಾಯ್ತು. ನೀನು ಬಾಗಿಲಲ್ಲೇ ಕಾಯ್ತಾ ಇರ್ತೀಯ ಅಂತ ಗೊತ್ತಿತ್ತು. ಲಾರಿ ನಿಲ್ಲಿಸಿ ಒಂದನ್ನ ಎತ್ಕೊಂಡೆ."

"ಒಂಟೆ?"

"ಒಂಟೆ ನೀನು ಕೇಳಿದ ಮೇಲೆ ಬಂತು."

ಅಮ್ಮ ಯಂತ್ರದ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳಿಗೂ ನಗು ತಡೆಯಲಾಗಲಿಲ್ಲ. ಗ್ಯಾರೇಜಿನ ಕಲ್ಲು ಎರಡು ಹನಿಗೂ ಜಗ್ಗದೆ ಪಾಸಾಯಿತು. ಅದರ ಪಕ್ಕದ ಕಲ್ಲೂ ಪಾಸಾಯಿತು. ಬಲಗಡೆ ಹನ್ನೆರಡು, ಎಡಗಡೆ ನಾಲ್ಕು. ಕೊನೆಗೆ ಒಂದು ಉಳಿಯಿತು.

ಅದನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಅಂಗೈ ತುಂಬುವ ಗಾತ್ರ, ಕಂದು ಬೂದು ಬಣ್ಣ, ಮೈಯೆಲ್ಲ ಹಕ್ಕಿಯ ಮೊಟ್ಟೆಯ ಮೇಲಿರುವಂಥ ಚುಕ್ಕೆ. ಉಳಿದ ಹದಿನಾರರಲ್ಲಿ ಯಾವುದಕ್ಕೂ ಅಷ್ಟು ನುಣುಪಿರಲಿಲ್ಲ. ಅವಳಿಗೆ ಒಂಬತ್ತು ವರ್ಷವಾದಾಗ ಅಪ್ಪ ಎಂಟು ತಿಂಗಳು ಮನೆಯಲ್ಲಿರಲಿಲ್ಲ. ಬೆಟ್ಟಗಳ ಆಚೆ ಅಣೆಕಟ್ಟು ಕಟ್ಟುತ್ತಿದ್ದಾರೆ, ಅಲ್ಲಿಗೆ ಸಿಮೆಂಟು ಸಾಗಿಸಲು ಹೋಗಿದ್ದಾನೆ ಎಂದು ಅಮ್ಮ ಹೇಳಿದ್ದಳು. ಎಂಟು ತಿಂಗಳ ಮೇಲೆ ತೆಳ್ಳಗಾಗಿ, ಕೂದಲು ಸಣ್ಣಗೆ ಕತ್ತರಿಸಿಕೊಂಡು ಬಂದವನ ಜೇಬಿನಲ್ಲಿ ಈ ಕಲ್ಲಿತ್ತು. ಹಿಮ ಕರಗಿ ಹರಿಯುವ ಹೊಳೆಯಲ್ಲಿ ಸಿಕ್ಕಿದ್ದು ಎಂದಿದ್ದ. ಅವಳು ಅದನ್ನು ಶಾಲೆಗೆ ಒಯ್ದು ಇಡೀ ತರಗತಿಯ ಮುಂದೆ ಎತ್ತಿ ಹಿಡಿದಿದ್ದಳು. ವಿಜ್ಞಾನದ ಟೀಚರ್ ಅದನ್ನು ಸವರಿ, ನೀರು ಎಷ್ಟು ಸಾವಿರ ವರ್ಷ ಹರಿದರೆ ಒಂದು ಕಲ್ಲು ಹೀಗಾಗುತ್ತದೆ ಎಂದು ಪಾಠ ಬಿಟ್ಟು ಅದನ್ನೇ ಹೇಳಿದ್ದರು. ನೀರಿನ ಮೇಲೆ ಅವಳಿಗೆ ಮನಸ್ಸು ಹತ್ತಿದ್ದು ಆ ದಿನ.

"ಅದನ್ನ ಬಿಡು," ಅಂದ ಅಪ್ಪ. "ಹನ್ನೆರಡು ಸಾಕಲ್ಲ."

"ಇದೇ ಮುಖ್ಯ ಕಲ್ಲು ಅಪ್ಪ. ಇದನ್ನ ನಡುವೆ ಇಡ್ತೀನಿ."

"ತೊಟ್ಟಿ ಚಿಕ್ಕದು."

ಅವಳು ಆಗಲೇ ಹನಿ ಬಿಟ್ಟಿದ್ದಳು. ಕಲ್ಲಿನ ಮೈ ಸಣ್ಣಗೆ ಸಿಳ್ಳಿಟ್ಟಿತು. ಹನಿಯ ಸುತ್ತ ಬೂದು ನೊರೆ ಎದ್ದು, ಒಡೆದು, ಮತ್ತೆ ಎದ್ದಿತು.

"ಛೆ!" ಎಂದಳು. ಬೇಸರಕ್ಕಿಂತ ಹೆಚ್ಚಾಗಿ ಕುತೂಹಲ ಅವಳನ್ನು ಹಿಡಿದುಕೊಂಡಿತು. ಸುಣ್ಣಕಲ್ಲಿನ ಬೆಟ್ಟಗಳೂ ಇರುತ್ತವೆ, ಅಲ್ಲಿನ ಹೊಳೆಗಲ್ಲು ನೊರೆ ಬಿಡುವುದು ಸಹಜವೇ. ಆದರೆ ಸುಣ್ಣಕಲ್ಲಿಗೆ ಇಷ್ಟೊಂದು ಚುಕ್ಕೆಗಳೇಕೆ? ಹನಿ ತಿಂದ ಜಾಗವನ್ನು ಒರೆಸಿ, ಚೀಲದಿಂದ ಭೂತಗನ್ನಡಿ ತೆಗೆದು, ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೂದು ಹಿಟ್ಟಿನಂಥದರೊಳಗೆ ಮರಳಿನ ಕಾಳುಗಳು ಕಂಡವು. ಸಣ್ಣ ಜಲ್ಲಿ ಕಂಡಿತು. ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚೂರು. ಅದನ್ನು ಉಗುರಿನಿಂದ ಕೆರೆದಳು. ಉಗುರಿಗೆ ಇಟ್ಟಿಗೆಯ ಪುಡಿ ಹತ್ತಿತು.

ಘಟಕದ ಸೋಸುವ ತೊಟ್ಟಿಗಳ ಗೋಡೆ ಒಡೆದಾಗಲೆಲ್ಲ ಅವಳು ಇದನ್ನು ಕಂಡಿದ್ದಳು. ಯಾವ ಹೊಳೆಯೂ ಕಲ್ಲಿನೊಳಗೆ ಇಟ್ಟಿಗೆ ಇಡುವುದಿಲ್ಲ.

"ಅಪ್ಪ, ಇದು ಕಾಂಕ್ರೀಟು."

ಅಪ್ಪ ಡ್ರಾಪರಿನ ತುದಿಯನ್ನು ಪತ್ರಿಕೆಗೆ ಒರೆಸಿದ. ಮತ್ತೆ ಒರೆಸಿದ.

"ಇದೂ ಗ್ಯಾರೇಜಿನದಾ?" ಎಂದು ಅವಳು ನಗುತ್ತಲೇ ಕೇಳಿದಳು. ನಗು ಅವಳೊಬ್ಬಳದೇ ಆಗಿತ್ತು. ಹೊಲಿಗೆ ಯಂತ್ರ ನಿಂತಿತ್ತು.

"ಹೇಳಿಬಿಡ್ರಿ," ಎಂದಳು ಅಮ್ಮ. "ಮೂವತ್ತೆರಡು ವರ್ಷ ಆಯ್ತು. ಇನ್ನು ಯಾರಿಗೋಸ್ಕರ?"

ಅಪ್ಪ ಕಲ್ಲಿಗಾಗಿ ಕೈ ಚಾಚಿದ. ಅವಳು ಕೊಟ್ಟಳು.

"ಅಣೆಕಟ್ಟಿಗೆ ಹೋಗಿರಲಿಲ್ಲ ಪುಟ್ಟಿ. ಜೈಲಲ್ಲಿದ್ದೆ."

ಹೇಳಬೇಕಾದದ್ದನ್ನು ಅವನು ಲಾರಿಯ ರಿಪೇರಿ ವಿವರಿಸುವಷ್ಟು ಸಪ್ಪೆಯಾಗಿ ಹೇಳಿದ. ಎರಡು ರಾತ್ರಿ ನಿದ್ದೆಯಿಲ್ಲದೆ ಗಾಡಿ ಓಡಿಸಿದ್ದ. ಬೆಳಗಿನ ಎಂಟು ಗಂಟೆ, ಚೆನ್ನಾಗಿ ಬಿಸಿಲಿತ್ತು, ನೇರ ರಸ್ತೆ. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ, ತೆರೆದದ್ದು ಗೊತ್ತಾಯಿತು. ಸೈಕಲ್ಲಿನ ಚೈನು ಸರಿಮಾಡಿಕೊಳ್ಳಲು ಒಬ್ಬ ಮನುಷ್ಯ ರಸ್ತೆಯ ಬದಿಯಲ್ಲಿ ಕೂತಿದ್ದ. "ಬ್ರೇಕ್ ಫೇಲಾಯ್ತು ಅಂತ ಹೇಳು ಅಂದರು ಎಲ್ಲರೂ. ಬ್ರೇಕು ಚೆನ್ನಾಗಿತ್ತು. ನಾನೇ ಹಿಂದಿನ ವಾರ ಸರಿಮಾಡಿದ್ದೆ. ಹಾಗಂತಲೇ ಹೇಳಿದೆ."

ಮಗಳು ಭೂತಗನ್ನಡಿಯನ್ನು ಮಡಿಸಿದಳು, ಬಿಚ್ಚಿದಳು. ಅವಳ ಮೊದಲ ಮಾತು ಹೊರಟದ್ದು ಅಮ್ಮನ ಕಡೆಗೆ. "ನಿನಗೆ ಗೊತ್ತಿತ್ತು."

"ಗೊತ್ತಿರದೆ? ವಾರಕ್ಕೊಮ್ಮೆ ನೋಡೋಕೆ ಹೋಗ್ತಿದ್ದೆ. ಗಿರಾಕಿಗಳ ಮನೆಗೆ ಅಳತೆ ತಗೊಳ್ಳೋಕೆ ಅಂತ ನಿನಗೆ ಹೇಳ್ತಿದ್ದೆ. ಆ ವರ್ಷ ಮನೆ ಯಾಕೆ ಬದಲಾಯಿಸಿದ್ವಿ ಅಂದುಕೊಂಡೆ? ನೀನು ಶಾಲೇಲಿ ಯಾರ ಬಾಯಿಗೂ ಸಿಗಬಾರದಿತ್ತು. ಇವರು ಮುಚ್ಚಿಡೋದು ಬೇಡ ಅಂದರು, ಹೇಳೋಣ ಅಂದರು. ನಾನೇ ಹಟ ಹಿಡಿದೆ."

"ನಾನು ಇಡೀ ಕ್ಲಾಸಿನ ಮುಂದೆ ನಿಂತು ಹಿಮ, ಹೊಳೆ ಅಂತ..." ಅವಳು ಎದ್ದು ಹೋಗಿ ಸಿಂಕಿನಲ್ಲಿ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದಳು. ಹಿಂದೆ ಬಕೆಟ್ಟಿನ ಪಂಪು ಗುರುಗುಡುತ್ತಿತ್ತು. ಸಿಟ್ಟು ಬರಬೇಕಾಗಿತ್ತು, ಬಂದಿತ್ತು ಕೂಡ. ಆದರೆ ಅದರ ಪಕ್ಕದಲ್ಲೇ ಒಂದು ಪ್ರಶ್ನೆ ಬಂದು ನಿಂತಿತ್ತು, ಅದು ಸಿಟ್ಟಿಗಿಂತ ಮುಂಚೆ ಹೊರಬಿತ್ತು.

"ಕಾಂಕ್ರೀಟು ಇಷ್ಟು ನುಣ್ಣಗೆ ಹೇಗಾಯ್ತು?"

ಅಪ್ಪ ತಲೆಯೆತ್ತಿದ. ಇಂಥದೊಂದು ಪ್ರಶ್ನೆ ಬರಬಹುದೆಂದು ಅವನು ಎಣಿಸಿದಂತಿರಲಿಲ್ಲ.

"ಉಜ್ಜಿದೆ."

"ಯಾವುದಕ್ಕೆ ಉಜ್ಜಿದೆ?"

"ಅಂಗಳದಲ್ಲಿ ನಲ್ಲಿ ಕಟ್ಟೆ ಇತ್ತು. ಅದರದೇ ಒಂದು ಮೂಲೆ ಒಡೆದು ಬಿದ್ದಿತ್ತು, ಇದರ ಎರಡರಷ್ಟು ದಪ್ಪ. ದಿನಾ ನಮ್ಮನ್ನ ಅರ್ಧ ಗಂಟೆ ಹೊರಗೆ ಬಿಡ್ತಿದ್ದರು. ಕಟ್ಟೆಗೆ ಉಜ್ಜುತ್ತಾ ಕೂತಿರ್ತಿದ್ದೆ. ಒಣಗಿದ್ದಾಗ ಸವೆಯಲ್ಲ, ನೀರು ಹಾಕಬೇಕು. ನೀರಿನ ಜೊತೆ ಚೂರು ಮರಳು ಹಾಕಿದರೆ ಇನ್ನೂ ಬೇಗ."

"ಹೊಳೇಲೂ ಹಾಗೇ ಆಗೋದು," ಎಂದಳು ಅವಳು, ತನಗೇ ಹೇಳಿಕೊಂಡಂತೆ.

"ಒಂದು ದಿನ ಕಾವಲಿನವನು ಬಂದು ಕಸಿದುಕೊಂಡ. ಏನೋ ಆಯುಧ ಮಾಡ್ತಿದ್ದಾನೆ ಅಂದುಕೊಂಡಿದ್ದ. ತಿರುಗಿಸಿ ಮುರುಗಿಸಿ ನೋಡಿದ. 'ಚೂಪು ಮಾಡೋರನ್ನ ಬೇಕಾದಷ್ಟು ನೋಡಿದ್ದೀನಿ ಮಾರಾಯ, ದುಂಡಗೆ ಮಾಡೋನನ್ನ ಇದೇ ಮೊದಲು ನೋಡ್ತಿರೋದು' ಅಂತ ವಾಪಸ್ ಕೊಟ್ಟ." ಅಪ್ಪನ ಮುಖದಲ್ಲಿ ನಗುವಿನಂಥದೊಂದು ಬಂದು ಹೋಯಿತು. "ಬಣ್ಣ ಮಾತ್ರ ಸಿಮೆಂಟಿನದೇ ಉಳೀತು. ತಲೆಗೆ ಅಂತ ಎಣ್ಣೆ ಕೊಡ್ತಿದ್ದರು. ಅದನ್ನ ತಲೆಗೆ ಹಚ್ಚದೆ ಇದಕ್ಕೆ ಸವರಿದೆ. ಬರಿಗೈಲಿ ಹೆಂಗೆ ಬರೋದು? ನೀನು ಬಾಗಿಲಲ್ಲಿ ನಿಂತಿರ್ತೀಯಲ್ಲ."

ಅವಳು ಬಂದು ಎದುರಿಗೆ ಕೂತಳು. ಕಲ್ಲು ಅಪ್ಪನ ಕೈಯಲ್ಲೇ ಇತ್ತು. "ಅವರು ಯಾರು?" ಎಂದು ಕೇಳಿದಳು. ಯಾರ ಬಗ್ಗೆ ಕೇಳುತ್ತಿದ್ದಾಳೆಂದು ಬಿಡಿಸಿ ಹೇಳಬೇಕಾಗಲಿಲ್ಲ.

"ಗಡಿಯಾರ ರಿಪೇರಿ ಮಾಡೋರು. ಬಿಡುಗಡೆ ಆದ ಮೇಲೆ ಅವರ ಮನೆಗೆ ಹೋಗಿದ್ದೆ. ಹೆಂಡತಿ ಇದ್ದರು. ನಾನು ಯಾರು ಅಂತ ಹೇಳಿದೆ. ಬೈತಾರೆ, ಹೊಡೀತಾರೆ ಅಂದುಕೊಂಡು ಹೋಗಿದ್ದೆ. ಏನೂ ಅನ್ನಲಿಲ್ಲ. ಒಳಗೆ ನೋಡಿದರೆ ಗೋಡೆ ತುಂಬ ಗಡಿಯಾರ, ಮೇಜಿನ ತುಂಬ ಕೈಗಡಿಯಾರ. ಜನ ರಿಪೇರಿಗೆ ಅಂತ ಕೊಟ್ಟು ಹೋದವು. ಯಾವುದನ್ನ ಯಾರ ಮನೆಗೆ ಮುಟ್ಟಿಸಬೇಕು ಅಂತ ಆಯಮ್ಮನಿಗೆ ಗೊತ್ತಿರಲಿಲ್ಲ. ಜನ ಬಂದು ಕೇಳೋದಕ್ಕೆ ಹಿಂಜರೀತಿದ್ದರಂತೆ. ಒಂದೊಂದರ ಹಿಂದೆ ಬರೀ ಹೆಸರು ಬರೆದ ಸಣ್ಣ ಚೀಟಿ ಅಂಟಿಸಿದ್ದರು ಆತ. ನಾನು ಎರಡು ದಿನ ಆ ಚೀಟಿ ಹಿಡಕೊಂಡು ಊರೆಲ್ಲ ತಿರುಗಿ ಎಲ್ಲವನ್ನೂ ಅವರವರಿಗೆ ಮುಟ್ಟಿಸಿದೆ. ಎಲ್ಲ ಮುಗಿದ ಮೇಲೆ ಆಯಮ್ಮ ಒಂದೇ ಮಾತು ಅಂದರು. 'ಇನ್ನು ಬರಬೇಡಿ.' ಹೋಗಲಿಲ್ಲ."

ಅಮ್ಮ ಎದ್ದು ಬಂದು ಮೇಜಿನ ಎಡಗಡೆಯಿದ್ದ ನಾಲ್ಕು ಕಲ್ಲುಗಳನ್ನು ಪೆಟ್ಟಿಗೆಗೆ ಹಾಕಿದಳು. ಹದಿನೇಳನೆಯದಕ್ಕೆ ಕೈ ಚಾಚಿದಾಗ ಮಗಳು ತಡೆದಳು.

"ಅದು ಇರಲಿ. ಅದರ ಪರೀಕ್ಷೆ ಮುಗಿದಿಲ್ಲ."

"ನೊರೆ ಬಂತಲ್ಲೇ," ಅಂದ ಅಪ್ಪ.

"ವಿನೆಗರ್ ಹೇಳೋದು ಸುಣ್ಣ ಇದೆ ಅಂತ ಅಷ್ಟೇ. ಇವತ್ತಿಗೂ ನೀರಿಗೆ ಎಷ್ಟು ಬಿಡ್ತಿದೆ ಅಂತ ಹೇಳಲ್ಲ. ಅದನ್ನ ಅಳೆದೇ ನೋಡಬೇಕು."

ಅವಳು ಕಲ್ಲಿನ ಎಣ್ಣೆಯ ಜಿಡ್ಡನ್ನು ಬ್ರಷ್ಷಿನಿಂದ ಉಜ್ಜಿ ತೆಗೆದಳು. ಎರಡು ಗಾಜಿನ ಜಾಡಿಗಳಿಗೆ ಒಂದೇ ಅಳತೆಯ ನಲ್ಲಿನೀರು ತುಂಬಿ, ಒಂದಕ್ಕೆ ಕಲ್ಲು ಹಾಕಿದಳು, ಇನ್ನೊಂದನ್ನು ಹಾಗೇ ಬಿಟ್ಟಳು. ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಖಾಲಿದು ಯಾಕೆ?" ಎಂದು ಅಪ್ಪ ಕೇಳಿದ. "ನೀರು ತಾನೇ ಬದಲಾಯ್ತಾ, ಕಲ್ಲು ಬದಲಾಯಿಸಿತಾ ಅಂತ ಗೊತ್ತಾಗಬೇಕಲ್ಲ," ಎಂದಳು. ಹದಿನೆಂಟು ವರ್ಷಗಳಲ್ಲಿ ಅಪ್ಪ ಅವಳ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಮರುದಿನ ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಪ್ಪ ವಾಕರ್ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ. ಅವಳು ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಯಂತ್ರದ ಕಡ್ಡಿಯನ್ನು ಜಾಡಿಯಲ್ಲಿ ಅದ್ದಿದಳು. ಖಾಲಿ ನೀರು ಏಳು ದಶಾಂಶ ಎರಡು. ಕಲ್ಲಿನ ನೀರು ಏಳು ದಶಾಂಶ ಆರು. "ಜಾಸ್ತಿ ಆದರೆ ಕೆಟ್ಟದ್ದಾ?" "ಮೀನಿಗೆ ಕೆಟ್ಟದ್ದು." ಎರಡನೆಯ ದಿನ ಏಳು ದಶಾಂಶ ಒಂಬತ್ತು. ಮೂರನೆಯ ದಿನ ಎಂಟು. ಆ ದಿನ ತೊಟ್ಟಿಯನ್ನೂ ಸಿದ್ಧಮಾಡಿದರು. ತೊಳೆದ ಮರಳಿನ ಮೇಲೆ ಹನ್ನೆರಡು ಕಲ್ಲುಗಳನ್ನು ಎಲ್ಲೆಲ್ಲಿ ಇಡಬೇಕೆಂದು ಅಪ್ಪ ಕುರ್ಚಿಯಲ್ಲಿ ಕೂತು ಗಾಡಿ ಹಿಂದಕ್ಕೆ ತೆಗೆಸುವವನಂತೆ ಕೈಸನ್ನೆ ಮಾಡಿದ. "ಇನ್ನೊಂದು ಚೂರು... ಬಾ, ಬಾ... ಸಾಕು!" ಕಲ್ಲು ಗಾಜಿಗೆ ಒರಗಬಾರದು, ಒಂದರ ಮೇಲೊಂದು ಇಟ್ಟದ್ದು ಅಲುಗಬಾರದು ಎಂದು ಅವಳು ಪ್ರತಿಯೊಂದನ್ನೂ ಒತ್ತಿ ನೋಡಿದಳು. ಮೀನುಗಳು ಮೊದಲು ಒಂದು ಮೂಲೆಯಲ್ಲಿ ಗುಂಪುಗೂಡಿ ನಿಂತವು. ಆಮೇಲೆ ಒಂದು ಧೈರ್ಯಸ್ಥ ಮೀನು ಗ್ಯಾರೇಜಿನ ಕಲ್ಲಿನ ಸಂದಿಯಲ್ಲಿ ಮೂಗು ತೂರಿಸಿತು. "ಮರಳುಗಾಡಿಗೆ ಹೋಯ್ತು ನೋಡು," ಎಂದಳು ಅಮ್ಮ.

ವಾರದುದ್ದಕ್ಕೂ ಬೆಳಗಿನ ಕಾಫಿಗೆ ಮುಂಚೆ ಅಂಕಿ, ಅಂಕಿಯ ಜೊತೆಗೆ ಒಂದೊಂದು ಪ್ರಶ್ನೆ. ಒಂದು ದಿನ ಅವಳು, ಜೈಲಿನಲ್ಲಿ ನೀರು ಹೇಗಿತ್ತು ಎಂದು ಕೇಳಿದಳು. ಸಪ್ಪಗಿತ್ತು, ನಲ್ಲಿಯ ಬಾಯಲ್ಲಿ ಬೆಳ್ಳಗೆ ಕಟ್ಟಿಕೊಂಡಿರುತ್ತಿತ್ತು ಎಂದ. "ಗಡಸು ನೀರು," ಎಂದಳು. ಇನ್ನೊಂದು ದಿನ ಅವನು ಕೇಳಿದ, "ಆ ಟೀಚರ್ ಈಗೆಲ್ಲಿದ್ದಾರೆ? ಸಾವಿರಾರು ವರ್ಷ ಅಂದಿದ್ದರಲ್ಲ, ಪಾಪ."

ಏಳನೆಯ ದಿನ ಕಲ್ಲಿನ ನೀರು ಎಂಟು ದಶಾಂಶ ಮೂರಕ್ಕೆ ಬಂದು ನಿಂತಿತ್ತು. ಖಾಲಿ ನೀರು ಇದ್ದಲ್ಲೇ ಇತ್ತು. ಅವಳು ಅಂಕಿಯನ್ನು ಓದಿ ಹೇಳಿದಳು.

"ಹಂಗಾದರೆ ಬೇಡ," ಅಂದ ಅಪ್ಪ. "ನಾನು ಮಾಡಿದ್ದಕ್ಕೆ ಮೀನಿಗೆ ಯಾಕೆ ಶಿಕ್ಷೆ? ಪೆಟ್ಟಿಗೇಲಿ ಹಾಕಿಬಿಡು."

ಅವಳು ಜಾಡಿಯ ನೀರನ್ನು ಖಾಲಿ ಬಕೆಟ್ಟಿಗೆ ಬಗ್ಗಿಸಿ, ಕಲ್ಲನ್ನು ನಲ್ಲಿಯ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ತೊಳೆದಳು. ಮತ್ತೆ ಜಾಡಿಯಲ್ಲಿಟ್ಟು, ಅಳತೆಯ ಗೆರೆಯವರೆಗೆ ಹೊಸ ನೀರು ತುಂಬಿದಳು.

"ಇನ್ನೊಂದು ವಾರ ನೋಡೋಣ," ಎಂದಳು. "ನೀರು ಬದಲಾಯಿಸ್ತಾ ಹೋದರೆ ಕಡಿಮೆಯಾಗುತ್ತಾ ಅಂತ."

"ಆಗದಿದ್ದರೆ?"

"ಆಗದಿದ್ದರೆ ಇನ್ನೊಂದು ವಾರ."

ಅಪ್ಪ ವಾಕರನ್ನು ಮುಂದಕ್ಕೆ ಸರಿಸಿ ಕಿಟಕಿಯ ಹತ್ತಿರ ಬಂದ. ಕೈಯಲ್ಲಿ ಸೂಜಿ ಹಿಡಿದೇ ಅಮ್ಮನೂ ಬಂದು ಅವನ ಹೆಗಲ ಪಕ್ಕದಿಂದ ಇಣುಕಿದಳು. ನಲ್ಲಿಯಿಂದ ಆಗಷ್ಟೇ ಬಿದ್ದ ನೀರು ಮೊದಲು ಮಂಜಿನಂತೆ ಬೆಳ್ಳಗಿತ್ತು. ನೋಡನೋಡುತ್ತಿದ್ದಂತೆ ತಳದಿಂದ ತಿಳಿಯಾಗುತ್ತ ಬಂತು. ಕಲ್ಲಿನ ಮೈತುಂಬ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಅಂಟಿಕೊಂಡಿದ್ದವು. ಅವುಗಳಲ್ಲೊಂದು ನಡುಗಿ, ಹಿಡಿತ ಬಿಟ್ಟು, ಬೆಳಕಿನಲ್ಲಿ ನೇರವಾಗಿ ಮೇಲಕ್ಕೆ ಏರಿತು.